ಕಿಟಕಿಗೊಂದು ಮರೆ

ಕಿಟಕಿಗೆ ಸಂಸ್ಕೃತದಲ್ಲಿ ‘ಗವಾಕ್ಷ’ ಎಂಬ ಹೆಸರುಂಟು. ಹಸುವಿನ ಕಣ್ಣು ಎಂದು ಆ ಶಬ್ದದ ಅರ್ಥ. ಕಣ್ಣೆಂದ ಮೇಲೆ ಅದು ನೋಡುವುದಕ್ಕಾಗಿ ಇರತಕ್ಕದ್ದೇ ಹೊರತು ನೋಡಿಸಿಕೊಳ್ಳುವುದಕ್ಕಾಗಿ ಅಲ್ಲ. ಆದರೆ ಇಂದಿನ ಪಟ್ಟಣಗಳಲ್ಲಿ ಮನೆಗೆ ಮನೆ ತಾಗಿಕೊಂಡು ಎದ್ದಿರುವುದರಿಂದ, ನಮ್ಮ ಕಿಟಕಿಯನ್ನು ತೆರೆದರೆ ಎದುರುಮನೆಯವರ ಊಟದ ತಟ್ಟೆಯೇ ಕಣ್ಣಿಗೆ ಬೀಳುತ್ತದೆ. ಇದಕ್ಕೆ ಪರಿಹಾರವೆಂದು ಗಾಜಿಗೆ ಅಂಟಿಸುವ ಚಿತ್ತಾರದ ಫಿಲ್ಮು ಅಂಗಡಿಗಳಲ್ಲಿ ಸುರುಳಿ ಸುರುಳಿಯಾಗಿ ದೊರೆಯುತ್ತಿದೆ. ಅದರ ವಿಷಯದಲ್ಲಿ ನನಗಾದ ಅನುಭವವನ್ನೂ ಅದರಿಂದ ನಾನು ತಳೆದ ಅಭಿಪ್ರಾಯವನ್ನೂ ವಾಚಕರ ಮುಂದಿಡಬೇಕೆಂದು ಈ ಲೇಖನ.

ನಾವಿರುವುದು ಮೊದಲನೆಯ ಮಹಡಿಯ ಮನೆಯಲ್ಲಿ. ನನ್ನ ತಂಗಿ ಓದಿಕೊಳ್ಳುವ ಕೋಣೆಯ ಎದುರಿಗೆ ಎರಡು ವರ್ಷಗಳ ಹಿಂದೆ ಒಂದು ಕಟ್ಟಡ ಎದ್ದಿತು. ನಡುವೆ ಇರುವುದು ಒಂದು ಓಣಿಯಷ್ಟೆ. ಅಂದಿನಿಂದ “ಕಿಟಕಿ ಮುಚ್ಚು, ಪರದೆ ಎಳೆ” ಎಂಬುದು ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಾರಿ ಕೇಳಿಬರುವ ಮಾತಾಯಿತು. ಆ ಮಾತನ್ನು ಯಾರೂ ನೋಡುವವರಿಗೆ ಹೇಳಲಿಲ್ಲ, ಓದುವವಳಿಗೆ ಹೇಳಿದರು. ಹಾಡುಹಗಲಿನಲ್ಲಿ ದೀಪ ಹಾಕಿಕೊಂಡು, ಬೆವರೊರೆಸಿಕೊಳ್ಳುತ್ತ ಅವಳು ಪರೀಕ್ಷೆಗೆ ಸಿದ್ಧಳಾದಳು. ಕೊನೆಗೆ ಅವಳೇ ಒಂದು ದಿನ, “ಅಣ್ಣಾ, ಗಾಜಿಗೆ ಫಿಲ್ಮು ತಂದು ಹಾಕು. ನನಗೆ ಬೆಳಕು ಬೇಕು” ಎಂದಳು.

ನಾನು ಮೊದಲು ತಂದದ್ದು ಕನ್ನಡಿಯಂತೆ ಹೊಳೆಯುವ ಜಾತಿಯದು. ಒಳಗಿನಿಂದ ಹೊರಗೆ ಕಾಣುತ್ತದೆ, ಹೊರಗಿನಿಂದ ಒಳಗೆ ಕಾಣುವುದಿಲ್ಲವೆಂದು ಅಂಗಡಿಯವನು ಹೇಳಿದ್ದನು. ಅವನು ಹೇಳಿದ್ದು ಅರ್ಧ ಸತ್ಯ. ಆ ರಾತ್ರಿ ಓಣಿಯಲ್ಲಿ ಬರುತ್ತ ತಲೆಯೆತ್ತಿ ನೋಡುತ್ತೇನೆ, ದೀಪದ ಕೆಳಗೆ ಕುಳಿತ ತಂಗಿ ಸಿನಿಮಾ ಪರದೆಯ ಮೇಲಿದ್ದಂತೆ ಸ್ಪಷ್ಟವಾಗಿ ಕಾಣುತ್ತಿದ್ದಾಳೆ! ತನ್ನನ್ನು ಯಾರೂ ಕಾಣರೆಂದು ನಂಬಿ ಅವಳು ನಿಶ್ಚಿಂತಳಾಗಿದ್ದಳು. ನನಗೆ ನಾಚಿಕೆಯೂ ಭಯವೂ ಒಟ್ಟಿಗೆ ಆದವು.

ವಿಚಾರಿಸಿ ನೋಡಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಪಾಲಿಯೆಸ್ಟರ್ ಹಾಳೆಗೆ ಲೋಹದ ತೀರ ತೆಳುವಾದ ಲೇಪ ಕೊಟ್ಟು ಇದನ್ನು ಮಾಡುತ್ತಾರೆ. ಬೆಳಕು ಹೆಚ್ಚಾಗಿರುವ ಕಡೆಯವರಿಗೆ ಅದು ಕನ್ನಡಿ. ಕಡಮೆಯಿರುವ ಕಡೆಯವರಿಗೆ ಬರಿಯ ಗಾಜು. ಬೇಲೂರಿನ ಚೆನ್ನಕೇಶವ ದೇವಾಲಯದ ಕಲ್ಲಿನ ಜಾಲಂಧ್ರಗಳ ಮರ್ಮವೂ ಇಂಥದೇ. ನವರಂಗದ ಮಬ್ಬಿನಲ್ಲಿ ನಿಂತವರಿಗೆ ಅಂಗಳ ಕಾಣುತ್ತದೆ. ಅಂಗಳದ ಬಿಸಿಲಿನಲ್ಲಿ ನಿಂತವರಿಗೆ ರಂಧ್ರಗಳ ಕತ್ತಲೆ ಮಾತ್ರ ಕಾಣುತ್ತದೆ. ಹಗಲು ಮರೆಮಾಡುವುದು ಹಾಳೆಯಲ್ಲ, ಸೂರ್ಯ. ಅವನು ಮುಳುಗಿದೊಡನೆ ಮರೆಯೂ ಮುಳುಗುತ್ತದೆ.

ಮರುದಿನ ಅದನ್ನು ಕಿತ್ತು, ಬಳ್ಳಿಯ ಚಿತ್ತಾರವುಳ್ಳ ಮಂಜುಗಾಜಿನಂಥ ಫಿಲ್ಮನ್ನು ತಂದೆನು. ಇದು ಬೆಳಕನ್ನು ತಡೆಯುವುದಿಲ್ಲ, ಚೆದರಿಸುತ್ತದೆ. ಆದ್ದರಿಂದ ರಾತ್ರಿಯೂ ಮರೆಯುಂಟು. ಗಾಜಿಗೆ ತೀರ ಹತ್ತಿರ ನಿಂತರೆ ನೆರಳು ಮಾತ್ರ ಕಂಡೀತು. ಸಾಬೂನು ಬೆರೆಸಿದ ನೀರು ಚಿಮುಕಿಸಿ, ಹಾಳೆಯನ್ನು ಹರಡಿ, ನಡುವಿನಿಂದ ಅಂಚಿಗೆ ಒತ್ತುತ್ತ ನೀರನ್ನೂ ಗುಳ್ಳೆಗಳನ್ನೂ ಹೊರಡಿಸಿದರೆ ಕೆಲಸ ಮುಗಿಯಿತು. ಹಳೆಯ ಮನೆಗಳ ಕಿಟಕಿಗೆ ಮೇಲೊಂದು ಕೆಳಗೊಂದು ಜೋಡಿ ಬಾಗಿಲುಗಳಿರುತ್ತಿದ್ದವು. ಕೆಳಗಿನದನ್ನು ಮುಚ್ಚಿ ಮೇಲಿನದನ್ನು ತೆರೆದರೆ ಮಾನವೂ ಉಳಿಯಿತು, ಗಾಳಿಯೂ ಬಂದಿತು. ನಾನೂ ಅದೇ ಕ್ರಮವನ್ನು ಹಿಡಿದು ಕೆಳಗಿನ ಗಾಜುಗಳಿಗೆ ಮಾತ್ರ ಅಂಟಿಸಿದೆನು. ತಂಗಿ ದೀಪವನ್ನು ಆರಿಸಿ, ಮೇಲಿನ ಬಾಗಿಲನ್ನು ತೆರೆದು ಓದಲು ಕುಳಿತಳು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹಾಳೆ ಮಿಕ್ಕಿತ್ತು, ನನಗೆ ಉತ್ಸಾಹವೂ ಮಿಕ್ಕಿತ್ತು. ಬೀದಿಯ ಕಡೆಯ ಕಿಟಕಿಗೂ ಪೂರ್ತಿಯಾಗಿ ಅಂಟಿಸಿಬಿಟ್ಟೆನು. ಅದು ನಮ್ಮ ಅಜ್ಜಿ ಕುಳಿತುಕೊಳ್ಳುವ ಸ್ಥಳ. ಅವರಿಗೆ ಮೆಟ್ಟಿಲಿಳಿಯಲು ಆಗುವುದಿಲ್ಲ. ಎರಡು ದಿನ ಏನೂ ಅನ್ನಲಿಲ್ಲ. ಮೂರನೆಯ ದಿನ, “ಸೊಪ್ಪಿನವಳು ಊರಿನಲ್ಲಿಲ್ಲವೇನೋ? ದಿನಾ ನನ್ನ ಮುಖ ನೋಡಿ ಕೂಗುತ್ತಿದ್ದಳು” ಎಂದರು. ಬೀದಿಯವರ ಕಣ್ಣು ಬೀಳದಿರಲೆಂದು ಹಾಗೆ ಮಾಡಿದೆನೆಂದು ನಾನು ಹೇಳಿದೆ. ಅಜ್ಜಿ, “ಬೀಳಲಿ ಬಿಡೋ. ಈ ವಯಸ್ಸಿನಲ್ಲಿ ನನ್ನನ್ನು ನೋಡುವವರು ಬೇರೆ ಯಾರಿದ್ದಾರೆ?” ಎಂದರು. ಆ ಸಂಜೆಯೇ ಹಾಳೆಯನ್ನು ಕಿತ್ತೆನು.

ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ನಮಗೆ ಹೆಮ್ಮೆಯ ಸಂಗತಿ. ಈ ಹಕ್ಕು ಮನೆಗೆ ಸೇರಿದ್ದಲ್ಲ, ಮನುಷ್ಯನಿಗೆ ಸೇರಿದ್ದು. ಒಂದೇ ಸೂರಿನ ಕೆಳಗೆ ತಂಗಿಗೆ ಬೇಕಾದ ಮರೆ ಅಜ್ಜಿಗೆ ಸೆರೆಯಾಗಬಹುದು. ಕೇಳಿ ಹಾಕಿದ ಮರೆಯಿಂದ ಒಬ್ಬಳಿಗೆ ಬೆಳಕು ಬಂದಿತು. ಕೇಳದೆ ಹಾಕಿದ ಮರೆಯಿಂದ ಇನ್ನೊಬ್ಬರ ಬೀದಿಯೇ ಹೋಯಿತು.

ಆದುದರಿಂದ ಫಿಲ್ಮು ಕೊಳ್ಳಲು ಹೊರಟವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಗಾಜಿನ ಅಳತೆಯನ್ನು ತೆಗೆದುಕೊಳ್ಳುವ ಮೊದಲು, ಆ ಕಿಟಕಿಯ ಬಳಿ ಕುಳಿತುಕೊಳ್ಳುವವರನ್ನು ಒಂದು ಮಾತು ಕೇಳಿರಿ.