ಲೋಟ ನೋಡಿ ಬದಲಾಗುವ ಕಾನೂನು

ವಡೋದರಾದಿಂದ ನಾಸಿಕ್‌ಗೆ ಕಾರಿನಲ್ಲಿ ಏಳೆಂಟು ಗಂಟೆಯ ದಾರಿ. ಭರೂಚ್, ಸೂರತ್ ಕಡೆಯಿಂದ ಹೋಗಿ ಡಾಂಗ್ ಜಿಲ್ಲೆಯ ಕಾಡು ಹೊಕ್ಕು, ಸಾಪುತಾರಾ ಘಾಟಿ ಹತ್ತಿ ಇಳಿದರೆ ಮಹಾರಾಷ್ಟ್ರ. ಅಲ್ಲಿಂದ ಇನ್ನೊಂದಿಷ್ಟು ದೂರಕ್ಕೆ ದ್ರಾಕ್ಷಿತೋಟಗಳು ಶುರುವಾಗುತ್ತವೆ. ಜನವರಿಯಿಂದ ಮಾರ್ಚ್‌ವರೆಗಿನ ಕೊಯ್ಲಿನ ದಿನಗಳಲ್ಲಿ, ಅದರಲ್ಲೂ ಶನಿವಾರ ಭಾನುವಾರ, ಅಲ್ಲಿನ ವೈನರಿಗಳ ಅಂಗಳದಲ್ಲಿ ನಿಂತ ಕಾರುಗಳ ನಂಬರ್ ಪ್ಲೇಟ್ ಓದಿದರೆ ಯಾರು ಬಂದಿದ್ದಾರೆಂದು ತಿಳಿಯುತ್ತದೆ. ಜಿಜೆ 01 ಅಹಮದಾಬಾದಿನದು, 05 ಸೂರತ್‌ನದು, 06 ವಡೋದರಾದ್ದು. ಪಾನನಿಷೇಧವಿರುವ ರಾಜ್ಯದ ಮಧ್ಯಮವರ್ಗ ವೈನ್ ರುಚಿ ನೋಡಲು ಪಕ್ಕದ ರಾಜ್ಯಕ್ಕೆ ಬಂದಿರುತ್ತದೆ.

ಇದನ್ನು ಗುಜರಾತಿಗಳ ಬೂಟಾಟಿಕೆ ಎಂದು ನಕ್ಕು ಮುಗಿಸುವುದು ಸುಲಭ. ಆದರೆ ನಗುವ ಮಾತು ಇದಲ್ಲ. ಕುಡಿತದ ವಿಚಾರದಲ್ಲಿ ಈ ದೇಶದ ಸರ್ಕಾರಗಳು ಬಡವನಿಗೊಂದು, ಉಳ್ಳವನಿಗೊಂದು ನೀತಿಯನ್ನು ಹೇಗೆ ಕಟ್ಟಿವೆ ಎಂಬುದನ್ನು ಈ ದಾರಿ ತೋರಿಸುತ್ತದೆ. ಕರ್ನಾಟಕದ ಕಥೆಯೂ ಇದಕ್ಕಿಂತ ತುಂಬ ಬೇರೆಯಲ್ಲ.

ಮೊದಲು ಟೇಸ್ಟಿಂಗ್ ರೂಮ್ ಎಂದರೆ ಏನು ಎಂಬುದನ್ನು ನೋಡೋಣ. ನಾಸಿಕ್‌ನಲ್ಲಿ ಸುಲಾ ಕಂಪನಿ 2005ರಲ್ಲಿ ಇಂಥ ಕೋಣೆಯನ್ನು ತೆರೆಯಿತು. ಆಮೇಲೆ ಸುತ್ತಲಿನ ಹಲವು ವೈನರಿಗಳು ಅದೇ ದಾರಿ ಹಿಡಿದವು. ಬಂದವರನ್ನು ಮೊದಲು ಒಳಗೆ ಸುತ್ತಾಡಿಸುತ್ತಾರೆ: ದ್ರಾಕ್ಷಿ ಹಿಂಡುವ ಯಂತ್ರ, ರಸ ಹುದುಗುವ ಉಕ್ಕಿನ ಟ್ಯಾಂಕುಗಳು, ಓಕ್ ಮರದ ಪೀಪಾಯಿಗಳು. ನಂತರ ಸಾಲಾಗಿ ಗಾಜಿನ ಲೋಟಗಳನ್ನಿಟ್ಟು ನಾಲ್ಕೈದು ಬಗೆಯ ವೈನನ್ನು ಒಂದೆರಡು ಗುಟುಕಿನಷ್ಟೇ ಸುರಿಯುತ್ತಾರೆ. ಬಣ್ಣ ನೋಡಿ, ಲೋಟ ತಿರುಗಿಸಿ, ಮೂಸಿ, ಸ್ವಲ್ಪ ಬಾಯಿಗೆ ಹಾಕಿಕೊಂಡು ನಾಲಿಗೆಯ ಮೇಲೆ ಆಡಿಸಿ ಎನ್ನುತ್ತಾರೆ. ವೈನ್ ಪರೀಕ್ಷಿಸುವುದೇ ಕಸುಬಾಗಿರುವವರು ಅದನ್ನು ನುಂಗುವುದಿಲ್ಲ, ಪಕ್ಕದ ಪಾತ್ರೆಗೆ ಉಗಿಯುತ್ತಾರೆ. ಅಮಲಿಗೂ ರುಚಿಗೂ ಇರುವ ವ್ಯತ್ಯಾಸವನ್ನು ಕಲಿಸುವುದು ಈ ಕೋಣೆಯ ಮೂಲ ಉದ್ದೇಶ.

ಕಲಿಯುವುದಕ್ಕೆ ಅಲ್ಲಿ ಬೇಕಾದಷ್ಟಿದೆ. ಯೂರೋಪಿನ ದ್ರಾಕ್ಷಿಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನಮ್ಮ ಬಿಸಿಲಿನಲ್ಲಿ ಅದಕ್ಕೆ ಆ ನಿದ್ದೆ ಇಲ್ಲ. ಹಾಗಾಗಿ ಮಹಾರಾಷ್ಟ್ರ, ಕರ್ನಾಟಕಗಳ ರೈತರು ವರ್ಷಕ್ಕೆ ಎರಡು ಸಲ ಚಾಟನಿ ಮಾಡುತ್ತಾರೆ. ಬೇಸಿಗೆಯಲ್ಲಿ ಕಡ್ಡಿ ಬಲಿಯಲೆಂದು ಒಂದು, ಮಳೆಗಾಲ ಕಳೆಯುವ ಹೊತ್ತಿಗೆ ಹೂ ಕಾಯಿಗಾಗಿ ಇನ್ನೊಂದು. ಅದರ ಫಸಲೇ ಜನವರಿಯಿಂದ ಕೈಗೆ ಬರುವುದು. ಹೊತ್ತಲ್ಲದ ಹೊತ್ತಿನಲ್ಲಿ ಒಂದು ಮಳೆ ಬಿದ್ದರೆ ಗೊನೆ ಕೊಳೆಯುತ್ತದೆ, ರೈತ ಸಾಲಕ್ಕೆ ಬೀಳುತ್ತಾನೆ. ಲೋಟದಲ್ಲಿರುವುದು ಇಷ್ಟೆಲ್ಲ ದಾಟಿ ಬಂದದ್ದು ಎಂದು ಅರಿತವನು ಅದನ್ನು ಗಟಗಟ ಸುರಿದುಕೊಳ್ಳಲಾರ ಎಂಬುದು ಈ ಕೋಣೆಗಳ ಪರವಾದ ವಾದ. ವಾದದಲ್ಲಿ ಹುರುಳಿದೆ.

ಆದರೆ ವಡೋದರಾದಿಂದ ಬಂದವನ ಲೆಕ್ಕ ಬೇರೆ. ಇಷ್ಟವಾದ ಬಾಟಲಿಯನ್ನು ಕೊಂಡು ಮನೆಗೊಯ್ದು, ಊಟದ ಜೊತೆ ಒಂದೊಂದು ಲೋಟ ಕುಡಿದು ವಾರವಿಡೀ ಇಟ್ಟುಕೊಳ್ಳುವ ಅನುಕೂಲ ಅವನಿಗಿಲ್ಲ. ಗಡಿಯಾಚೆ ಬಾಟಲಿ ಇಟ್ಟುಕೊಂಡಿದ್ದರೆ ಅಪರಾಧ. ಪರವಾನಗಿಯಿಲ್ಲದೆ ಕುಡಿದಿದ್ದರೆ ಅದೂ ಅಪರಾಧ. ವರ್ಷದ ಕೊನೆಯಲ್ಲಿ ಡಮನ್‌ನಿಂದ ಮರಳುವವರನ್ನು ವಲ್ಸಾಡ್ ಜಿಲ್ಲೆಯ ಪೊಲೀಸರು ತಡೆದು ಪರೀಕ್ಷಿಸುವುದು ಪತ್ರಿಕೆಗಳಿಗೆ ವಾಡಿಕೆಯ ಸುದ್ದಿ. ಮನೆಯಲ್ಲಿ ಸಿಗದ್ದನ್ನು, ಮತ್ತೆ ಯಾವಾಗ ಸಿಗುತ್ತದೋ ಗೊತ್ತಿಲ್ಲದ್ದನ್ನು ಎರಡು ದಿನದಲ್ಲಿ ಮುಗಿಸಿಬಿಡಬೇಕು ಎಂದುಕೊಂಡವನಿಗೆ ಉಗಿಯುವ ಪಾತ್ರೆಯಿಂದ ಏನು ಪ್ರಯೋಜನ? ನಿಧಾನ ಕಲಿಸುವ ಕೋಣೆಗೆ ಕಾನೂನು ಅವನನ್ನು ಅವಸರದಲ್ಲಿ ಕಳಿಸಿರುತ್ತದೆ.

ಸಾಪುತಾರಾ ಘಾಟಿಯ ಎರಡೂ ಬದಿ ಇರುವುದು ಮೂಲದಲ್ಲಿ ಒಂದೇ ಕಾನೂನು ಎಂಬುದು ಹೆಚ್ಚು ಜನಕ್ಕೆ ತಿಳಿಯದು. ಎರಡೂ ಕಡೆ ಮುಂಬಯಿ ಪ್ರಾಂತ್ಯವಾಗಿದ್ದಾಗ 1949ರಲ್ಲಿ ಬಂದ ಪಾನನಿಷೇಧ ಕಾಯ್ದೆ ಅದು. 1951ರಲ್ಲಿ ಬಲ್ಸಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದರ ಹೆಚ್ಚಿನ ಭಾಗವನ್ನು ಎತ್ತಿಹಿಡಿಯಿತು. 1960ರ ಮೇ 1ರಂದು ರಾಜ್ಯ ಎರಡಾದಾಗ ಇಬ್ಬರಿಗೂ ಅದೇ ಕಾಯ್ದೆ ಬಳುವಳಿಯಾಗಿ ಬಂತು. ಗುಜರಾತ್ ಅದನ್ನು ಬಿಗಿಯಾಗಿ ಹಿಡಿದುಕೊಂಡಿತು. ಮಹಾರಾಷ್ಟ್ರ ಸಡಿಲಿಸುತ್ತ ಹೋಯಿತು, ಆದರೆ ರದ್ದು ಮಾಡಲಿಲ್ಲ. ಇಂದಿಗೂ ಮಹಾರಾಷ್ಟ್ರದಲ್ಲಿ ಕುಡಿಯುವವನ ಬಳಿ ಪರ್ಮಿಟ್ ಇರಬೇಕೆಂಬುದು ಕಾಗದದ ಮೇಲಿದೆ. ಒಂದೇ ಕಾಯ್ದೆಯಡಿ ಘಾಟಿಯ ಈ ಬದಿ ಜೈಲು, ಆ ಬದಿ ಪ್ರವಾಸೋದ್ಯಮ.

ಗುಜರಾತ್‌ನ ಒಳಗಾದರೂ ನಿಷೇಧ ಎಲ್ಲರಿಗೂ ಸಮಾನವೇ? ನಲವತ್ತು ದಾಟಿದವರು ವೈದ್ಯಕೀಯ ಕಾರಣ ಹೇಳಿ ಹೆಲ್ತ್ ಪರ್ಮಿಟ್ ಪಡೆಯಬಹುದು. ಅದಕ್ಕೆ ಅರ್ಜಿ, ಶುಲ್ಕ, ವೈದ್ಯರ ಮಂಡಳಿ ಎಲ್ಲ ದಾಟಬೇಕು. ಕೂಲಿಯವನು ದಾಟುವ ಹೊಸ್ತಿಲಲ್ಲ ಅದು. ಬೇರೆ ರಾಜ್ಯದಿಂದ ಬಂದವರಿಗೆ ತಾತ್ಕಾಲಿಕ ಪರ್ಮಿಟ್ ಸಿಗುತ್ತದೆ. ಬೆಂಗಳೂರಿನಿಂದ ಹೋದ ವ್ಯಾಪಾರಿ ವಡೋದರಾದ ಹೋಟೆಲಿನಲ್ಲಿ ಕಾನೂನುಬದ್ಧವಾಗಿ ಕುಡಿಯಬಹುದು. ಅವನ ತಟ್ಟೆ ಎತ್ತುವ ಸ್ಥಳೀಯ ಹುಡುಗ ಕುಡಿದರೆ ಠಾಣೆಗೆ ಹೋಗಬೇಕು. 2023ರ ಡಿಸೆಂಬರಿನಲ್ಲಿ ಸರ್ಕಾರ ಇನ್ನೊಂದು ಬಾಗಿಲು ತೆರೆಯಿತು. ಗಾಂಧಿನಗರದ ಗಿಫ್ಟ್ ಸಿಟಿಯ ಹೋಟೆಲು, ರೆಸ್ಟೋರೆಂಟ್, ಕ್ಲಬ್ಬುಗಳಲ್ಲಿ ಅಲ್ಲಿನ ಉದ್ಯೋಗಿಗಳಿಗೆ, ಅವರ ಅತಿಥಿಗಳಿಗೆ ಪರ್ಮಿಟ್ ಮೇಲೆ ಮದ್ಯ ಕೊಡಬಹುದು ಎಂದಿತು. ಜಾಗತಿಕ ಹಣಕಾಸು ಕಂಪನಿಗಳಿಗೆ ತಕ್ಕ ವಾತಾವರಣ ಬೇಕು ಎಂಬುದು ಕೊಟ್ಟ ಕಾರಣ. ಇದಕ್ಕೆ ಇಟ್ಟ ಹೆಸರು ‘ವೈನ್ ಅಂಡ್ ಡೈನ್’. ವಿಸ್ಕಿ, ಬಿಯರ್ ಎಂದಿದ್ದರೆ ಕಿವಿಗೆ ಒರಟಾಗುತ್ತಿತ್ತು. ವೈನ್ ಎಂಬ ಪದದಲ್ಲಿ ಒಂದು ಮರ್ಯಾದೆ ಇದೆ, ಆ ಮರ್ಯಾದೆಯ ಮರೆಯಲ್ಲಿ ಉಳಿದದ್ದೆಲ್ಲ ಒಳಗೆ ಬರುತ್ತದೆ.

ಕಾರಿಲ್ಲದವರು, ಪರ್ಮಿಟ್ ಇಲ್ಲದವರು ಏನು ಮಾಡುತ್ತಾರೆ? ಅವರು ಕುಡಿಯುವುದು ಅಲ್ಲಿ ಲಠ್ಠಾ ಎಂದು ಕರೆಯುವ ಕಳ್ಳಭಟ್ಟಿ. 1989ರಲ್ಲಿ ಇದೇ ವಡೋದರಾದಲ್ಲಿ ವಿಷಮದ್ಯಕ್ಕೆ ನೂರಕ್ಕೂ ಹೆಚ್ಚು ಜನ ಸತ್ತರು. 2009ರ ಜುಲೈನಲ್ಲಿ ಅಹಮದಾಬಾದಿನಲ್ಲಿ ಮತ್ತೆ ನೂರಕ್ಕೂ ಹೆಚ್ಚು. ಅದರ ನಂತರ ಸಾವಿಗೆ ಕಾರಣವಾಗುವ ಲಠ್ಠಾ ತಯಾರಕರಿಗೆ ಮರಣದಂಡನೆಯವರೆಗೂ ಶಿಕ್ಷೆ ಕೊಡಬಹುದೆಂದು ಕಾಯ್ದೆ ತಿದ್ದಿದರು. ಆದರೂ 2022ರ ಜುಲೈನಲ್ಲಿ ಬೋಟಾದ್ ಮತ್ತು ಅಹಮದಾಬಾದ್ ಜಿಲ್ಲೆಗಳ ಹಳ್ಳಿಗಳಲ್ಲಿ ಕಾರ್ಖಾನೆಯ ಮೆಥನಾಲ್‌ಗೆ ನೀರು ಬೆರೆಸಿ ಮಾರಿದ್ದನ್ನು ಕುಡಿದು 40ಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಮೆಥನಾಲ್ ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣಿನ ನರವನ್ನು ಸುಡುತ್ತದೆ. ಬದುಕುಳಿದವರಲ್ಲಿ ಹಲವರಿಗೆ ದೃಷ್ಟಿ ಹೋಗುತ್ತದೆ. ಸತ್ತವರಲ್ಲಿ ಹೆಚ್ಚಿನವರು ದಿನಗೂಲಿಯವರು. ಅವರಿಗೆ ನಾಸಿಕ್ ದೂರ, ಗಿಫ್ಟ್ ಸಿಟಿ ಇನ್ನೂ ದೂರ.

ಈ ಪಟ್ಟಿ ಓದಿ ಕನ್ನಡಿಗರು ನೆಮ್ಮದಿಯ ಉಸಿರು ಬಿಡಬೇಕಾಗಿಲ್ಲ. 2007ನೇ ಇಸವಿಯಲ್ಲಿ ಕರ್ನಾಟಕ ಎರಡು ಕೆಲಸ ಮಾಡಿತು. ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಅದೇ ವರ್ಷ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದು ವೈನರಿಗಳಿಗೆ ರಿಯಾಯಿತಿ, ವೈನ್ ಮಾರಾಟಕ್ಕೆ ಪ್ರತ್ಯೇಕ ಮಳಿಗೆ, ಪ್ರಚಾರಕ್ಕೆ ವೈನ್ ಮಂಡಳಿ ಎಲ್ಲವನ್ನೂ ಕೊಟ್ಟಿತು. ಎರಡಕ್ಕೂ ಒಳ್ಳೆಯ ಕಾರಣಗಳಿದ್ದವು. ಸಾರಾಯಿ ಮನೆಗಳನ್ನು ಹಾಳು ಮಾಡಿತ್ತು, ಹೆಂಗಸರು ಅದರ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದರು. ದ್ರಾಕ್ಷಿ ಬೆಳೆಗಾರರಿಗೆ ಹೊಸ ಮಾರುಕಟ್ಟೆ ಬೇಕಿತ್ತು. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಬಡವನ ಲೋಟ ಒಡೆದ ವರ್ಷವೇ ಉಳ್ಳವನ ಲೋಟಕ್ಕೆ ಕಾಲು ಜೋಡಿಸಿದಂತೆ ಕಾಣುತ್ತದೆ. ಮುಂದಿನ ಮೇ ತಿಂಗಳಲ್ಲೇ ಬೆಂಗಳೂರಿನ ಹೊರವಲಯ, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿ ಕಡೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಉಳಿದವರು ಅಗ್ಗದ ವಿಸ್ಕಿ, ರಮ್ಮಿಗೆ ಹೊರಳಿದರು. ಅದರ ತೆರಿಗೆ ಬೊಕ್ಕಸಕ್ಕೆ ಬರುತ್ತಿದೆ.

2019ರ ಜನವರಿಯಲ್ಲಿ ಹಳ್ಳಿಗಳ ಸಾವಿರಾರು ಹೆಂಗಸರು ಸಂಪೂರ್ಣ ಮದ್ಯನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಬಂದರು. ಆ ನಡಿಗೆಯನ್ನು ಮರೆತು ನಂದಿಬೆಟ್ಟದ ಬುಡದ ವೈನರಿಗಳ ಬಗ್ಗೆ ಚೆಂದದ ಮಾತಾಡಿದರೆ ಅದು ಅರ್ಧ ಸತ್ಯ. ಗುಜರಾತ್‌ನಲ್ಲೂ ನಿಷೇಧದ ಪರ ಗಟ್ಟಿಯಾಗಿ ನಿಲ್ಲುವವರು ಹೆಂಗಸರೇ. ರಾತ್ರಿ ಹನ್ನೊಂದಕ್ಕೆ ಗರ್ಬಾ ಮುಗಿಸಿ ಒಬ್ಬಳೇ ಸ್ಕೂಟರಿನಲ್ಲಿ ಮನೆಗೆ ಹೋಗಬಲ್ಲೆ, ಬೀದಿಯಲ್ಲಿ ಕುಡುಕರಿಲ್ಲ ಎಂದು ವಡೋದರಾದ ಹುಡುಗಿ ಹೇಳಿದರೆ ಅದನ್ನು ತಳ್ಳಿಹಾಕುವ ಹಕ್ಕು ಯಾವ ವೈನ್ ಪ್ರಿಯನಿಗೂ ಇಲ್ಲ. ಕೆಲಸಕ್ಕೆಂದು ಹೋಗಿ ಅಲ್ಲೇ ನೆಲೆನಿಂತ ಕನ್ನಡದ ಮನೆಗಳಿಂದಲೂ ಇದೇ ಮಾತು ಬಂದೀತು. ರಜೆಗೆ ಊರಿಗೆ ಬಂದಾಗ ಬಸ್‌ ನಿಲ್ದಾಣದ ಪಕ್ಕದ ಬಾರಿನ ಮುಂದೆ ಮಗಳನ್ನು ಕೈಹಿಡಿದು ದಾಟಿಸಬೇಕಾದವರಿಗೆ ಆ ಮಾತಿನ ಬೆಲೆ ಗೊತ್ತು.

ಹಾಗಿದ್ದರೆ ದಾರಿ ಯಾವುದು? ಮೊದಲು, ವೈನ್ ಮದ್ಯವಲ್ಲ ಎಂಬ ಮಾತನ್ನು ಬಿಡಬೇಕು. 2022ರ ಜನವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ಸೂಪರ್ ಮಾರ್ಕೆಟ್ಟುಗಳಲ್ಲಿ ವೈನ್ ಮಾರಲು ಬಿಡುವ ತೀರ್ಮಾನ ಮಾಡಿದಾಗ ಇದೇ ವಾದ ಕೇಳಿಬಂತು. ಅಣ್ಣಾ ಹಜಾರೆ ಮೊದಲಾದವರ ವಿರೋಧದಿಂದ ಅದು ಜಾರಿಯಾಗದೆ ನಿಂತಿತು. ಲೆಕ್ಕ ಸರಳ. ಶೇಕಡ 13ರಷ್ಟು ಆಲ್ಕೋಹಾಲ್ ಇರುವ 150 ಮಿಲಿಲೀಟರ್ ವೈನಿನಲ್ಲೂ, ಶೇಕಡ 42.8 ಇರುವ 45 ಮಿಲಿಲೀಟರ್ ವಿಸ್ಕಿಯಲ್ಲೂ ಇರುವುದು ಹೆಚ್ಚುಕಡಿಮೆ ಒಂದೇ ಅಳತೆಯ ಆಲ್ಕೋಹಾಲ್. ಆರೋಗ್ಯಕ್ಕೆ ಅಪಾಯವಿಲ್ಲದ ಕುಡಿತದ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದ್ದು ವೈನಿಗೂ ಸೇರಿಸಿಯೇ. ರೈತನ ಹೆಸರು ಹೇಳುವಾಗಲೂ ಅಳತೆ ಇರಲಿ. ನಾಸಿಕ್‌ನಲ್ಲಾಗಲಿ ವಿಜಯಪುರದಲ್ಲಾಗಲಿ ಬೆಳೆಯುವ ದ್ರಾಕ್ಷಿಯಲ್ಲಿ ಬಹುಪಾಲು ತಿನ್ನಲು, ಒಣಗಿಸಲು ಹೋಗುತ್ತದೆ. ವೈನಿಗೆ ಹೋಗುವುದು ಸಣ್ಣ ಪಾಲು.

ಎರಡನೆಯದು, ಟೇಸ್ಟಿಂಗ್ ರೂಮುಗಳು ತಾವು ಹೇಳಿಕೊಳ್ಳುವಂತೆ ನಡೆದುಕೊಳ್ಳಲಿ. ಉಗಿಯುವ ಪಾತ್ರೆಯನ್ನು ಮೂಲೆಯಿಂದ ಮೇಜಿನ ಮೇಲೆ ತರಲಿ. ನೀರು, ಊಟ ಮೊದಲು ಬರಲಿ. ಕಾರು ಓಡಿಸುವವನಿಗೆ ಸುರಿಯದಿರುವ ನಿಯಮ ಇರಲಿ. ಘಾಟಿಯ ತಿರುವುಗಳಿಗೆ ಶಿರಾಜ್, ಶೆನಿನ್ ಬ್ಲಾಂಕ್‌ಗಳ ವ್ಯತ್ಯಾಸ ತಿಳಿಯದು. ಸೆಲ್ಫಿ ತೆಗೆಯುವ ಕಟ್ಟೆಗಿಂತ ತೋಟದೊಳಗೆ ಹೆಚ್ಚು ಹೊತ್ತು ನಿಲ್ಲಿಸಲಿ, ಚಾಟನಿ ಮಾಡುವವರ ಕೂಲಿ ಎಷ್ಟು ಎಂಬುದನ್ನೂ ಹೇಳಲಿ. ಇಷ್ಟು ಮಾಡಿದರೆ ಅದು ಶಾಲೆ, ಇಲ್ಲದಿದ್ದರೆ ನೋಟ ಚೆನ್ನಾಗಿರುವ ಬಾರು.

ಮೂರನೆಯದು ಸರ್ಕಾರಗಳಿಗೆ. ಗುಜರಾತ್ ನಿಷೇಧವನ್ನು ಇಟ್ಟುಕೊಳ್ಳಲಿ, ಅಥವಾ ಬಿಡಲಿ; ಅದನ್ನು ಅಲ್ಲಿನ ಜನ ತೀರ್ಮಾನಿಸಬೇಕು. ಮನೆಯೊಳಗೆ ಕುಡಿಯುವುದು ಖಾಸಗಿ ಹಕ್ಕೇ ಎಂಬ ಅರ್ಜಿಗಳನ್ನು ವಿಚಾರಣೆಗೆ ತೆಗೆದುಕೊಳ್ಳಬಹುದೆಂದು ಗುಜರಾತ್ ಹೈಕೋರ್ಟ್ 2021ರಲ್ಲಿ ಹೇಳಿದೆ, ಆ ಚರ್ಚೆ ತೆರೆದ ಬಾಗಿಲಲ್ಲಿ ನಡೆಯಲಿ. ಇಟ್ಟುಕೊಳ್ಳುವುದಾದರೆ ಗಿಫ್ಟ್ ಸಿಟಿಗೂ ಬೋಟಾದ್‌ಗೂ ಒಂದೇ ನಿಯಮ ಇರಲಿ. ಬಿಡುವುದಾದರೆ ಮೊದಲು ಸಡಿಲಿಕೆ ಸಿಗಬೇಕಾದದ್ದು ಗಿಫ್ಟ್ ಸಿಟಿಯ ಕಚೇರಿಗಳಿಗಲ್ಲ. ಮೆಥನಾಲ್ ಕುಡಿದು ಸಾಯುವವನಿಗೆ ಕಡಿಮೆ ಅಪಾಯದ್ದು, ಪರೀಕ್ಷೆಯಾದದ್ದು ಸಿಗುವಂತಾಗಬೇಕು, ಬಿಡಬೇಕೆಂದವನಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಚಿಕಿತ್ಸೆ ಸಿಗಬೇಕು. ಕರ್ನಾಟಕಕ್ಕೂ ಇದೇ ಮಾತು. ವೈನಿಗೊಂದು ಮಂಡಳಿ ಕಟ್ಟಲು ಸಾಧ್ಯವಾದರೆ ಕುಡಿತ ಬಿಡಿಸುವುದಕ್ಕೆ ಅಷ್ಟೇ ಆಸ್ಥೆಯ ಒಂದು ವ್ಯವಸ್ಥೆ ಕಟ್ಟಲು ಏನು ಅಡ್ಡಿ?

1930ರಲ್ಲಿ ಗಾಂಧೀಜಿ ಹೆಂಡದಂಗಡಿಗಳ ಮುಂದೆ ನಿಂತು ಪ್ರತಿಭಟಿಸುವ ಕೆಲಸವನ್ನು ಹೆಂಗಸರಿಗೆ ವಹಿಸಿದಾಗ ಅವರ ಕಣ್ಣ ಮುಂದೆ ಇದ್ದದ್ದು ಬಡವನ ಮನೆ, ಆ ಮನೆಯ ಒಲೆ. ಅವರ ಹೆಸರಿನಲ್ಲಿ ನಡೆಯುವ ಕಾನೂನನ್ನು ಇಂದು ಅಳೆಯಬೇಕಾದದ್ದೂ ಅಲ್ಲಿಂದಲೇ. ನಾಸಿಕ್‌ಗೆ ಹೋಗಿಬರುವ ಕುಟುಂಬಕ್ಕೆ ನಿಷೇಧದಿಂದ ಆಗುವ ನಷ್ಟ ಒಂದು ದಿನದ ಪೆಟ್ರೋಲು. ಬೋಟಾದ್‌ನ ಹಳ್ಳಿಯ ಹೆಂಗಸಿಗೆ ಆದದ್ದು ಗಂಡನ ಸಾವು.