ಮುಚ್ಚಳ ಬೀಳುವವರೆಗೆ ಬಾಕಿ ಕೊಡಬೇಡಿ



ಪುಟ್ಟ ಮಕ್ಕಳಿಗೆ ಅಪಾಯವಾಗದಂತೆ ಮನೆ ಸಜ್ಜು ಮಾಡಿಕೊಡುವ ಕಸಬುದಾರರು ಬೆಂಗಳೂರಿನಂಥ ಊರುಗಳಲ್ಲಿ ಸಿಗುತ್ತಾರಂತೆ. ಮೆಟ್ಟಿಲಿಗೆ ಗೇಟು, ಕಪಾಟಿಗೆ ಚಿಲಕ ಹಾಕಿ ದುಡ್ಡು ತೆಗೆದುಕೊಳ್ಳುತ್ತಾರೆ. ನಮ್ಮ ತಿಕೋಟಾ ಭಾಗದಲ್ಲಿ ಬಹಳ ಮಂದಿ ಇರುವುದು ತೋಟದ ವಸ್ತಿಯಲ್ಲಿ. ಇಲ್ಲಿ ಕೂಸಿಗೆ ಗಂಡಾಂತರವೆಂದರೆ ಅಂಗಳದಾಚೆಯ ಬೋರು. ಅದನ್ನು ಕೊರೆಯುವವರೂ ಕಸಬುದಾರರೇ. ಅಡಿಗೆ ಇಷ್ಟೆಂದು ಎಣಿಸಿಕೊಳ್ಳುತ್ತಾರೆ; ಮುಚ್ಚುವ ಮಾತೆತ್ತಿದರೆ ಮಾತ್ರ ಅದು ಹೊಲದವರ ಕೆಲಸ ಎನ್ನುತ್ತಾರೆ.

2024ರ ಏಪ್ರಿಲ್ 3ರಂದು ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪುಟ್ಟ ಕೂಸು ತಲೆಕೆಳಗಾಗಿ ಬಿದ್ದದ್ದು ಹಳೇ ಹಾಳು ಬೋರಿಗಲ್ಲ, ಆಗಷ್ಟೇ ಕೊರೆದದ್ದಕ್ಕೆ. ಸುಮಾರು 20 ತಾಸಿನ ಮೇಲೆ ಜೀವಂತ ಹೊರಬಂತು. 2014ರಲ್ಲಿ ನಾಗಠಾಣದ ಬಾಲಕಿಗೆ, 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದ ಬಾಲಕಿಗೆ ಆ ಆಯುಷ್ಯ ಇರಲಿಲ್ಲ.

ಕೇಸಿಂಗ್ ಸುತ್ತ ಸಿಮೆಂಟ್ ಕಟ್ಟೆ, ಬಾಯಿಗೆ ವೆಲ್ಡಿಂಗ್ ಮಾಡಿದ ಉಕ್ಕಿನ ತಟ್ಟೆ ಅಥವಾ ನಟ್ಟು ಬೋಲ್ಟಿನ ಮುಚ್ಚಳ ಇರಬೇಕು, ಬೋರು ಫೇಲಾದರೆ ತಳದಿಂದಲೇ ಮಣ್ಣು, ಉಸುಕು ತುಂಬಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ನಮ್ಮಲ್ಲಿ ಕಾಣುವುದೇನು? ಬಾಯಿಗೊಂದು ಗೊಬ್ಬರದ ಚೀಲ, ಮೇಲೊಂದು ಕಲ್ಲು. ಚೀಲ ಬಿಸಿಲಿಗೆ ಜೀರ್ಣವಾಗುತ್ತದೆ. ಕಲ್ಲನ್ನು ದನ ಕಾಯುವ ಹುಡುಗರು ಒಳಗೆ ಬಿಟ್ಟು ಸಪ್ಪಳ ಕೇಳುತ್ತಾರೆ. ನೀರು ಬೀಳದಿದ್ದರೆ ಕೇಸಿಂಗ್ ಪೈಪನ್ನೂ ಕಿತ್ತು ಮುಂದಿನ ಬೋರಿಗೆ ಒಯ್ಯುವುದುಂಟು. ಆಮೇಲೆ ಉಳಿಯುವುದು ನೆಲಮಟ್ಟದ ಬರೀ ತೂತು. ಹುಲ್ಲು ಬೆಳೆದರೆ ದೊಡ್ಡವರಿಗೂ ಕಾಣದು.

2024ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಅಂತರ್ಜಲ ಕಾಯ್ದೆ ತಿದ್ದಿ, ಬೋರಿನ ಬಾಯಿ ತೆರೆದು ಬಿಟ್ಟವರಿಗೆ ಒಂದು ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿವರೆಗೆ ದಂಡ ಎಂದು ಮಾಡಿದರು. ಇರಲಿ, ಬೇಕಾದದ್ದೇ. ಆದರೆ ಸಾಲ ತಂದು ಬೋರು ಹೊಡೆಸಿ, ಬರೀ ಧೂಳು ಕಂಡ ರೈತನ ಕೈಯಲ್ಲಿ ಆ ಹೊತ್ತಿಗೆ ಒಂದು ಟ್ರ್ಯಾಕ್ಟರ್ ಮಣ್ಣಿಗೂ ರೊಕ್ಕ ಇರುವುದಿಲ್ಲ. ದಂಡದ ಹೆದರಿಕೆಯಿಂದ ತೂತು ತುಂಬುವುದಿಲ್ಲ. ಆದ್ದರಿಂದ ಮುಚ್ಚುವ ಖರ್ಚು ಕೊರೆಯುವ ದರದಲ್ಲೇ ಸೇರಿರಬೇಕು. ಮುಚ್ಚಿದ ಮೇಲೆಯೇ ಬೋರಿನ ಗಾಡಿ ಹೊಲ ಬಿಡಬೇಕು. ಪಂಚಾಯಿತಿಯವರು ಬಂದು ಫೋಟೊ ತೆಗೆದುಕೊಳ್ಳಲಿ. ಕುಡಿಯುವ ನೀರಿಗೆಂದು ಪಂಚಾಯಿತಿಯೇ ಕೊರೆಸಿ ಬಿಟ್ಟ ಬೋರುಗಳಿಗೂ ಇದೇ ನಿಯಮ ಅನ್ವಯಿಸಲಿ!

ಜಿಲ್ಲಾಡಳಿತ ಈ ಬೇಸಿಗೆಯ ಒಳಗೇ ಇಂಥದೊಂದು ಆದೇಶ ಹೊರಡಿಸಬೇಕು. ಅಲ್ಲಿಯವರೆಗೆ ರೈತ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ: ಬಾಯಿಗೆ ಮುಚ್ಚಳ ಬೀಳುವತನಕ ಗಾಡಿಯವರ ಬಾಕಿ ರೊಕ್ಕ ನಿಮ್ಮ ಕಿಸೆಯಲ್ಲೇ ಇರಲಿ.

– ದ್ರಾಕ್ಷಿ ಬೆಳೆಗಾರ, ಬಿಜ್ಜರಗಿ, ತಾ. ತಿಕೋಟಾ