ಒಂದೇ ಹೆಸರಿನ ಎರಡು ಕ್ಲಾಸುಗಳು

ಲಾರಾವೆಲ್ ಬಳಸಿ ವೆಬ್‌ಸೈಟ್ ಕಟ್ಟುವವರಿಗೆ ಒಂದಲ್ಲ ಒಂದು ದಿನ ಎದುರಾಗುವ ತಾಪತ್ರಯ ಇದು. ಕಂಟ್ರೋಲರ್ ಫೈಲಿಗೆ ‘ರಿಕ್ವೆಸ್ಟ್’ ಎಂಬ ಕ್ಲಾಸು ಬೇಕು. ಎಡಿಟರ್ ಆ ಹೆಸರಿನ ಎರಡನ್ನು ಮುಂದಿಡುತ್ತದೆ. ಒಂದು, ಬಳಕೆದಾರ ಕಳಿಸಿದ ಮಾಹಿತಿಯನ್ನು ಹೊತ್ತು ತರುವ ನಿಜವಾದ ರಿಕ್ವೆಸ್ಟ್. ಇನ್ನೊಂದು ‘ಫಸಾಡ್’, ಅಂದರೆ ಮೊದಲನೆಯದರ ಬಳಿಗೆ ಹೋಗಲು ಇಟ್ಟ ಮುಂಬಾಗಿಲು. ಅವಸರದಲ್ಲಿ ಮುಂಬಾಗಿಲನ್ನೇ ಆರಿಸಿಕೊಂಡರೆ ತಕ್ಷಣಕ್ಕೆ ಏನೂ ಆಗುವುದಿಲ್ಲ. ಆಮೇಲೆ ಅದರ ಮೇಲೆ ಮೆಥಡ್ ಕರೆದಾಗ ‘ಅಂಥ ಮೆಥಡ್ ಇಲ್ಲ’ ಎಂಬ ಉತ್ತರ ಬರುತ್ತದೆ. ಎರಡನ್ನೂ ಒಂದೇ ಫೈಲಿಗೆ ತಂದರಂತೂ ಈ ಹೆಸರು ಆಗಲೇ ಬಳಕೆಯಲ್ಲಿದೆ ಎಂದು ಪಿಎಚ್‌ಪಿ ಅಲ್ಲಿಯೇ ನಿಲ್ಲುತ್ತದೆ.

ಹಾಗಾದಾಗ ಎಲ್ಲರೂ ಮಾಡುವುದು ಒಂದೇ: ಯೂಸ್ ಸಾಲಿನ ತುದಿಗೆ ‘ಆ್ಯಸ್’ ಸೇರಿಸಿ ಒಂದಕ್ಕೆ ಅಡ್ಡಹೆಸರು ಇಡುವುದು. ಜಗಳ ಅಲ್ಲಿಗೆ ಮುಗಿಯುತ್ತದೆ, ಆದರೆ ಬರೆದವರ ಪಾಲಿಗೆ ಮಾತ್ರ. ಒಂದು ಫೈಲಿನಲ್ಲಿ ಒಂದು ಅಡ್ಡಹೆಸರು, ಪಕ್ಕದ ಫೈಲಿನಲ್ಲಿ ಮತ್ತೊಂದು. ಆರು ತಿಂಗಳ ನಂತರ ಆ ಕ್ಲಾಸು ಎಲ್ಲೆಲ್ಲಿ ಬಳಕೆಯಾಗಿದೆ ಎಂದು ಹುಡುಕುವ ಹೊಸಬನಿಗೆ ಅರ್ಧ ಜಾಗಗಳು ಸಿಗುವುದೇ ಇಲ್ಲ.

2009ಕ್ಕೆ ಮುಂಚೆ ಪಿಎಚ್‌ಪಿಯಲ್ಲಿ ನೇಮ್‌ಸ್ಪೇಸ್ ಇರಲಿಲ್ಲ. ಝೆಂಡ್ ಫ್ರೇಮ್‌ವರ್ಕಿನ ಕ್ಲಾಸುಗಳು ‘ಝೆಂಡ್_ಕಂಟ್ರೋಲರ್_ಆಕ್ಷನ್’ ಎಂಬಂತೆ ವಂಶಾವಳಿಯನ್ನೆಲ್ಲ ಹೆಸರಿನಲ್ಲೇ ಹೊತ್ತಿದ್ದವು. ನೋಡಲು ವಿಕಾರ, ಆದರೆ ಯಾರು ಯಾರೆಂಬ ಅನುಮಾನಕ್ಕೆ ಎಡೆಯಿರಲಿಲ್ಲ. ಇನಿಷಿಯಲ್‌ನಲ್ಲಿ ಊರನ್ನೂ ಅಪ್ಪನ ಹೆಸರನ್ನೂ ಇಟ್ಟುಕೊಂಡು ಪುಣೆಗೋ ದಿಲ್ಲಿಗೋ ಹೋದ ಕನ್ನಡಿಗರಿಗೆ ಈ ಪದ್ಧತಿ ಅಪರಿಚಿತವೇನಲ್ಲ. ಆ ವರ್ಷ ಬಂದ 5.3ನೇ ಆವೃತ್ತಿ ಊರನ್ನು ಹೆಸರಿನಿಂದ ಬೇರ್ಪಡಿಸಿತು. ಊರು ಬೇರೆಯಾದ ಮೇಲೆ ಹೆಸರು ಚಿಕ್ಕದಿದ್ದರೂ ನಡೆಯುತ್ತದೆ ಎಂದುಕೊಂಡು ಎಲ್ಲರೂ ಇವೆಂಟ್, ಲಾಗ್, ಯೂಸರ್, ರಿಕ್ವೆಸ್ಟ್ ಎಂದೇ ಇಡತೊಡಗಿದರು. ಈಗಿನ ತೊಂದರೆಗೆ ನೇಮ್‌ಸ್ಪೇಸಿಗಿಂತ ಈ ಸೋಮಾರಿತನವೇ ಹೆಚ್ಚು ಕಾರಣ.

ಊರು ಬೇರೆಯಿದ್ದರೂ ಚಿಕ್ಕ ಹೆಸರು ಕಾಪಾಡುವುದಿಲ್ಲ ಎಂಬುದಕ್ಕೆ ಯೀ ಫ್ರೇಮ್‌ವರ್ಕ್ ಸಾಕ್ಷಿ. ಅದರ ತಾಯಿಬೇರಾದ ಕ್ಲಾಸಿನ ಹೆಸರು ‘ಆಬ್ಜೆಕ್ಟ್’. 2017ರಲ್ಲಿ ಪಿಎಚ್‌ಪಿ 7.2 ಆ ಪದವನ್ನು ಭಾಷೆಯ ಸ್ವಂತಕ್ಕೆ ಕಾದಿರಿಸಿಕೊಂಡಿತು. ನೇಮ್‌ಸ್ಪೇಸ್ ಒಳಗಿದ್ದರೂ ವಿನಾಯಿತಿ ಇಲ್ಲ. ‘ಬೇಸ್‌ಆಬ್ಜೆಕ್ಟ್’ ಎಂದು ಹೆಸರು ಬದಲಿಸಬೇಕಾಯಿತು.

ಹೆಸರು ತಾಗಿದಾಗ ಪಿಎಚ್‌ಪಿ ಕೂಗಿಕೊಂಡರೆ ಚಿಂತೆಯಿಲ್ಲ. ಕೂಗಿಕೊಳ್ಳದ ಜಾಗವೊಂದಿದೆ. ನೇಮ್‌ಸ್ಪೇಸ್ ಇರುವ ಫೈಲಿನಲ್ಲಿ ‘ಕ್ಯಾಚ್’ ಪಕ್ಕ ಬರಿದೇ ‘ಎಕ್ಸೆಪ್ಷನ್’ ಎಂದು ಬರೆದು, ಮುಂದೆ ಬ್ಯಾಕ್‌ಸ್ಲ್ಯಾಷ್ ಹಾಕುವುದನ್ನೋ ಮೇಲೆ ಯೂಸ್ ಸಾಲು ಬರೆಯುವುದನ್ನೋ ಮರೆತರೆ, ಪಿಎಚ್‌ಪಿ ಅದನ್ನು ಆ ಊರಿನದೇ ಎಕ್ಸೆಪ್ಷನ್ ಎಂದು ತಿಳಿಯುತ್ತದೆ. ಆ ಊರಿನಲ್ಲಿ ಅಂಥವರು ಯಾರೂ ಇಲ್ಲ. ಇಲ್ಲದ ಕ್ಲಾಸಿನಿಂದ ಆಬ್ಜೆಕ್ಟ್ ಮಾಡಹೊರಟರೆ ದೋಷ ಬರುತ್ತದೆ. ಕ್ಯಾಚಿನಲ್ಲಿ ಹೆಸರಿಸಿದರೆ ಬರುವುದಿಲ್ಲ. ಎಲ್ಲವೂ ಸರಿಯಿದ್ದಂತೆ ತಿಂಗಳುಗಟ್ಟಲೆ ನಡೆಯುತ್ತದೆ. ಹಣ ಪಾವತಿ ನಡುವೆ ಬ್ಯಾಂಕಿನ ಸಂಪರ್ಕ ಕಡಿದ ದಿನ, ಆ ದೋಷವನ್ನು ಹಿಡಿಯಲೆಂದೇ ಬರೆದ ಸಾಲುಗಳು ಓಡುವುದೇ ಇಲ್ಲ. ಗ್ರಾಹಕನಿಗೆ ಕಾಣುವುದು ಖಾಲಿ ಪುಟ. ಫಂಕ್ಷನ್ ಊರಲ್ಲಿ ಸಿಗದಿದ್ದರೆ ಹೊರಗೆ ಹುಡುಕುವ ಪಿಎಚ್‌ಪಿ ಕ್ಲಾಸಿಗೆ ಆ ಸೌಲಭ್ಯ ಕೊಟ್ಟಿಲ್ಲ. ಒಂದೇ ಭಾಷೆಯಲ್ಲಿ ಎರಡು ನ್ಯಾಯ!

ಅಡ್ಡಹೆಸರನ್ನು ಹೊರಗಿನವರ ಎರಡು ಲೈಬ್ರರಿಗಳು ತಾಗಿದಾಗ ಮಾತ್ರ ಬಳಸಬೇಕು, ಏಕೆಂದರೆ ಅವುಗಳ ಹೆಸರು ನಮ್ಮ ಕೈಯಲ್ಲಿಲ್ಲ. ನಮ್ಮದೇ ಕ್ಲಾಸಿಗೆ ಅದು ಮಾಡುವ ಕೆಲಸದ ಹೆಸರೇ ಇರಲಿ. ಕಲ್ಯಾಣಮಂಟಪ ಕಾದಿರಿಸುವ ಆ್ಯಪಿನಲ್ಲಿ ಕ್ಲಾಸನ್ನು ‘ಇವೆಂಟ್’ ಎಂದು ಕರೆದು ಲಾರಾವೆಲ್‌ನ ಇವೆಂಟ್ ಜೊತೆ ಗುದ್ದಾಡುವ ಬದಲು ‘ಹಾಲ್‌ಬುಕಿಂಗ್’ ಎಂದರೆ ಮುಗಿಯಿತು. ಉದ್ದ ಹೆಸರು ಬರೆಯಲು ಬೇಸರ ಎಂಬ ಆಕ್ಷೇಪಕ್ಕೆ ಈಗ ಹುರುಳಿಲ್ಲ, ಮೂರು ಅಕ್ಷರ ಒತ್ತಿದರೆ ಉಳಿದದ್ದನ್ನು ಎಡಿಟರೇ ತುಂಬುತ್ತದೆ. ಮೌನವಾಗಿ ಕೂತಿರುವ ಆ ಕ್ಯಾಚ್ ಸಾಲುಗಳನ್ನು ಕಣ್ಣಿನಿಂದ ಹುಡುಕುತ್ತ ಕೂರುವುದೂ ಬೇಡ. ಪಿಎಚ್‌ಪಿಸ್ಟ್ಯಾನ್ ಎಂಬ ಉಚಿತ ಸಾಧನ ಕೋಡನ್ನು ಓಡಿಸದೆಯೇ ಓದಿ, ಇಂಥ ಸಾಲಿನಲ್ಲಿ ಹೆಸರಿಸಿದ ಕ್ಲಾಸು ಎಲ್ಲೂ ಇಲ್ಲ ಎಂದು ಸಾಲಿನ ಸಂಖ್ಯೆ ಸಮೇತ ತೋರಿಸುತ್ತದೆ.